ಬಾಯಾರಿಕೆ ಬಂದ ದಿಕ್ಕು

ಪುಸ್ತಕ ತೆರೆದದ್ದೇ ತಡ, ಕಾಳುಮೆಣಸಿನ ಘಾಟು ಮೂಗಿಗೆ ಹತ್ತಿ ಮೂರು ಸಲ ಸೀನಿದೆ. ಹುಳ ಹಿಡಿಯಬಾರದೆಂದು ನನ್ನ ಸೀನಿಯರ್ ವಕೀಲರು ತಮ್ಮ ಕಾನೂನು ಪುಸ್ತಕಗಳ ನಡುನಡುವೆ ಮೆಣಸಿನ ಕಾಳು ಹಾಕಿಡುತ್ತಿದ್ದರು. ಅವರ ಕಪಾಟು ನನ್ನ ಆಫೀಸಿಗೆ ಬಂದು ಎಷ್ಟೋ ವರ್ಷವಾಯಿತು. ನಾನು ಅದನ್ನು ಒರೆಸುತ್ತೇನೆಯೇ ಹೊರತು ತೆರೆಯುವುದು ಅಪರೂಪ.

ಅಂದು ತೆರೆದದ್ದಕ್ಕೆ ಕಾರಣ ಇಂಗ್ಲೆಂಡು. ಅಲ್ಲಿನ ಕಾನೂನಿನಲ್ಲಿ ಈಚೆಗೆ ಏನೇನು ಬದಲಾಗಿದೆ ಎಂಬ ಒಂದು ಬರಹ ಮೊಬೈಲಿಗೆ ಬಂದಿತ್ತು. ದಿವಾಳಿಯಾದ ಕಂಪನಿಗಳ ಭಾಗವನ್ನು ಬೇಗ ಬೇಗ ದಾಟಿ ಧರ್ಮಾರ್ಥ ಟ್ರಸ್ಟುಗಳ ಭಾಗಕ್ಕೆ ಬಂದೆ. ಯಾರೋ ಒಳ್ಳೆಯ ಮನಸ್ಸಿನಿಂದ ಬಿಟ್ಟುಹೋದ ದತ್ತಿಯ ಉದ್ದೇಶ ಈಗ ನಡೆಸಲು ಆಗದಂಥದ್ದಾದರೆ, ಅದನ್ನು ಬದಲಿಸುವ ದಾರಿಯನ್ನು ಅಲ್ಲಿ ಸ್ವಲ್ಪ ಸುಲಭ ಮಾಡಿದ್ದಾರೆ. ಹೊಸ ಉದ್ದೇಶ ಹಳೆಯದಕ್ಕೆ ಆದಷ್ಟು ಹತ್ತಿರ ಇರಬೇಕು, ಇಂದಿನ ಜನರ ಬದುಕಿಗೂ ಹೊಂದಬೇಕು. ಓದಿ ಭೇಷ್ ಅಂದುಕೊಂಡೆ. ಮರುಕ್ಷಣವೇ ನಾಚಿಕೆಯಾಯಿತು. ಇದನ್ನೇ ನನ್ನ ಸೀನಿಯರ್ ಕಾಸರಗೋಡಿನ ಕೋರ್ಟಿನಲ್ಲಿ, ನನ್ನ ಪಕ್ಕದಲ್ಲೇ ನಿಂತು ಹೇಳಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಅವರು ಅಲ್ಲಿ ಓದಿದ್ದ ಪುಟ ಹುಡುಕಲೆಂದೇ ಕಪಾಟು ತೆರೆದೆ.

ಬೆಳ್ಳೂರಿನ ಕಡೆ, ಗುಡ್ಡದ ಬುಡದ ಹಳೆಯ ಕಾಲುದಾರಿಯ ಪಕ್ಕದಲ್ಲಿ ಒಂದು ಅರವಟ್ಟಿಗೆ ಇತ್ತು. ಜನ ತಲೆಹೊರೆ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ಊರಿನ ಒಬ್ಬ ಹಿರಿಯರು ತುಂಡು ಜಾಗವನ್ನೂ ಅದರಲ್ಲಿದ್ದ ಬಾವಿಯನ್ನೂ ಟ್ರಸ್ಟಿಗೆ ಬಿಟ್ಟು, ಸೆಕೆಗಾಲದ ತಿಂಗಳುಗಳಲ್ಲಿ ದಾರಿಹೋಕರಿಗೆ ಬೆಲ್ಲ ನೀರು ಕೊಡಬೇಕೆಂದು ಬರೆಸಿದ್ದರು. ಆಮೇಲೆ ರಸ್ತೆ ಬಂತು, ಬಸ್ಸು ಬಂತು. ಅರವಟ್ಟಿಗೆಯ ಮಾಡು ಬಿತ್ತು. ಬಾವಿ ಮಾತ್ರ ಬತ್ತಲಿಲ್ಲ. ದಾರಿಹೋಕರೇ ಇಲ್ಲದ ಮೇಲೆ ದತ್ತಿ ಎಲ್ಲಿಯದು, ಜಾಗ ನಮಗೆ ವಾಪಸಾಗಲಿ, ಮಾರುತ್ತೇವೆ ಎಂದು ಆ ಹಿರಿಯರ ಮೊಮ್ಮಕ್ಕಳು ಕೇಸು ಹಾಕಿದರು. ಟ್ರಸ್ಟಿನಲ್ಲಿ ಉಳಿದಿದ್ದ ಇಬ್ಬರು ಮುದುಕರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು.

ನಾನು ಆಗ ಹೊಸ ಜೂನಿಯರ್. ಬುದ್ಧಿಗಿಂತ ಉತ್ಸಾಹ ಹೆಚ್ಚು. ಈ ದಾರಿಯಲ್ಲಿ ಇಂದಿಗೂ ಜನ ನಡೆಯುತ್ತಾರೆ ಎಂದು ಉತ್ತರದ ಕರಡಿನಲ್ಲಿ ಧಾರಾಳವಾಗಿ ಬರೆದುಬಿಟ್ಟೆ. ಸೀನಿಯರ್ ಅದನ್ನು ಓದಿ ಕನ್ನಡಕ ಕೆಳಗಿಟ್ಟರು.

"ಎಷ್ಟು ಜನ ನಡೀತಾರೆ? ನೀನು ನೋಡಿದ್ದುಂಟಾ?"

ನೋಡಿರಲಿಲ್ಲ. ಮರುದಿನ ಬೆಳಗ್ಗೆಯೇ ನನ್ನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದರು. ಮೊದಲು ಜಾಗ, ಮತ್ತೆ ಪುಸ್ತಕ ಎನ್ನುವುದು ಅವರ ಕ್ರಮ. ಬಾವಿಯ ಹತ್ತಿರದ ಮುರಕಲ್ಲಿನ ಕಟ್ಟೆಯ ಮೇಲೆ, ದಾರಿಗೆ ಮುಖ ಮಾಡಿ ಇಬ್ಬರೂ ಕೂತೆವು. ಸೆಕೆ ಅಂದರೆ ಅಂಥಿಂಥ ಸೆಕೆಯಲ್ಲ. ಮಧ್ಯಾಹ್ನ ದಾಟಿದರೂ ಬಂದವನು ಒಬ್ಬನೇ. ಅವನೂ ಹಗ್ಗ ಬಿಚ್ಚಿಕೊಂಡು ಹೋದ ದನ ಹುಡುಕುತ್ತಿದ್ದವನು! ನೀವು ಕಂಡಿರಾ ಎಂದು ನಮ್ಮನ್ನೇ ಕೇಳಿದ. ನನಗೆ ಅಳು ಬರುವುದೊಂದು ಬಾಕಿ. ನನ್ನ ಕರಡಿನ ಜೊತೆಗೆ ಕೇಸೂ ಹೋಯಿತು ಅಂದುಕೊಂಡೆ.

ಆಗ ಹಿಂದಿನಿಂದ ಕೊಡಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ, ಗುಡ್ಡದ ಮೇಲಿನ ಮನೆಗಳ ಹೆಂಗಸರು ಸಾಲಾಗಿ ಇಳಿಯುತ್ತಿದ್ದಾರೆ. ಅವರ ಬಾವಿಗಳೆಲ್ಲ ಆಗಲೇ ತಳ ಕಂಡಿದ್ದವು. ಮಳೆ ಹಿಡಿಯುವ ತನಕ ಅಷ್ಟೂ ಮನೆಗಳಿಗೆ ಇದೊಂದೇ ನೀರು. ಜಾಗ ಮಾರಿಹೋಗಿ ಸುತ್ತ ಬೇಲಿ ಬಂದರೆ ಏನು ಗತಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಸೀನಿಯರ್ ಹಣೆ ಬಡಿದುಕೊಂಡು ನಕ್ಕರು. "ನಾವು ಕೂತದ್ದೇ ಆಚೆ ಮುಖ ಮಾಡಿ ಮಾರಾಯ್ತಿ!"

ಕೋರ್ಟಿನಲ್ಲಿ ಅವರು ಸುಳ್ಳು ಹೇಳಲಿಲ್ಲ. ದಾರಿಯಲ್ಲಿ ಯಾರೂ ನಡೆಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡರು. ಎದುರು ವಕೀಲರ ಮುಖ ಅರಳಿತು. ಆಮೇಲೆ ಈ ಮೆಣಸಿನ ಪುಸ್ತಕ ಎತ್ತಿ ಒಂದು ಪುಟ ಓದಿದರು: ಉದ್ದೇಶ ಹಾಗೆಯೇ ನಡೆಯದಿದ್ದರೆ ಅದಕ್ಕೆ ಅತಿ ಹತ್ತಿರದ್ದನ್ನು ನಡೆಸಬೇಕು. ಓದಿ ಮುಚ್ಚಿಟ್ಟು, ಅವರ ಮಾಮೂಲು ದನಿಯಲ್ಲೇ ಹೇಳಿದರು: ಬರೆಸಿದವರಿಗೆ ದಾರಿಯ ಮೇಲೆ ಪ್ರೀತಿ ಇರಲಿಲ್ಲ, ಬಾಯಾರಿದವರ ಮೇಲೆ ಇತ್ತು. ಅಂದು ಬಾಯಾರಿಕೆ ದಾರಿಯಲ್ಲಿ ಬರುತ್ತಿತ್ತು, ಇಂದು ಗುಡ್ಡ ಇಳಿದು ಬರುತ್ತದೆ... ಇನ್ನೂ ಏನೋ ಹೇಳಿದರು, ನನಗೆ ಇಷ್ಟೇ ನೆನಪು. ತೀರ್ಪು ನಮ್ಮ ಕಡೆಗೆ ಆಯಿತು. ಬಾವಿ ಟ್ರಸ್ಟಿನಲ್ಲೇ ಉಳಿಯಿತು, ಗುಡ್ಡದ ಮನೆಗಳಿಗಾಗಿ.

ಗೆದ್ದದ್ದಕ್ಕೆ ಆಫೀಸಿನಲ್ಲಿ ನನಗೊಂದು ಗೋಳಿಬಜೆ ತರಿಸಿಕೊಟ್ಟರು. ಒಂದೇ ಒಂದು. ಉಳಿದದ್ದೆಲ್ಲ ಅವರೇ ತಿಂದರು.

ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ಇಂಗ್ಲೆಂಡಿನ ಸುದ್ದಿ ಓದಿದ ಮೇಲೆ ಅವರಿಗೆ ಹೇಳಬೇಕು ಅನ್ನಿಸಿತು, ಹೇಳಲು ಅವರಿಲ್ಲ... ಆದಿತ್ಯವಾರ ಸುಮ್ಮನೆ ಬೆಳ್ಳೂರಿನ ಬಸ್ಸು ಹತ್ತಿದೆ.

ಬಾವಿಗೆ ಈಗ ಪಂಪು ಇದೆ, ಪೈಪು ಗುಡ್ಡ ಹತ್ತಿದೆ. ಪಂಪಿನ ಸ್ವಿಚ್ಚು ಹಾಕಲು ಬಂದಿದ್ದ ಹೆಂಗಸು, ಅಂದು ಕೊಡ ಹೊತ್ತವರಲ್ಲಿ ಒಬ್ಬಳು, ನನ್ನನ್ನು ಗುರುತು ಹಿಡಿದಳು.

"ವಕೀಲರು ಸೌಖ್ಯವಾ ಅಕ್ಕ?"

"ಅವರು ಹೋಗಿ ವರ್ಷ ಸುಮಾರಾಯ್ತು."

ಅವಳು ಸ್ವಿಚ್ಚಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದಳು. ಮತ್ತೆ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಇನ್ನು ಯಾರಾದ್ರೂ ಜಾಗ ಕೇಳಿಕೊಂಡು ಬಂದ್ರೆ ಎಂತ ಮಾಡುದು? ನಮಗೆ ಬೇರೆ ಯಾರುಂಟು?"

ಅವರಷ್ಟು ಧೈರ್ಯ ನನಗಿಲ್ಲ. ಕೋರ್ಟಿನಲ್ಲಿ ಹೇಳಬೇಕಾದದ್ದನ್ನು ಇಂದಿಗೂ ಚೀಟಿಯಲ್ಲಿ ಬರೆದುಕೊಂಡೇ ಎದ್ದು ನಿಲ್ಲುತ್ತೇನೆ.

"ನಾನುಂಟಲ್ಲ" ಅಂದೆ.

ಅವಳು ಹೌದೆಂದು ತಲೆಯಾಡಿಸಿ ಸ್ವಿಚ್ಚು ಹಾಕಿದಳು.