ಅಟ್ಟದ ಮೇಲಿದ್ದ ಎರಡನೆಯ ಭಾಗ

ನಮ್ಮೂರು ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನ ದಾರಿಯಲ್ಲಿತ್ತು. ಪಂಚಾಯ್ತಿ ಕಟ್ಟಡದ ಒಂದು ಕೋಣೆಯಲ್ಲಿ ಲೈಬ್ರರಿ. ಅಲ್ಲಿ ಕೂತು ಪೇಪರ್ ಓದುವವರೆಲ್ಲ ಗಂಡಸರೇ. ಹೆಂಗಸರು ಬರಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಹೋಗುತ್ತಿರಲಿಲ್ಲ, ಅಷ್ಟೆ. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂದಾಗ ಲೈಬ್ರರಿ ಕಾರ್ಡು ಯಜಮಾನರ ಹೆಸರಿನಲ್ಲಿತ್ತು. ನಾನು ಕೇಳಿದ ಪುಸ್ತಕ ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ, ಒಮ್ಮೊಮ್ಮೆ ಹಿಂಡಿಯ ಮೂಟೆಯ ಕೆಳಗೆ, ಮನೆಗೆ ಬರುತ್ತಿತ್ತು.

ಅತ್ತೆಗೆ ಓದು ಬರುತ್ತಿರಲಿಲ್ಲ. ಊಟವಾದ ಮೇಲೆ ಅವರು ಹಿತ್ತಲ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಲೋ ಅವರೆಕಾಳು ಹಿಸುಕುತ್ತಲೋ ಕೂರುವರು. ನಾನು ಗಟ್ಟಿಯಾಗಿ ಓದಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಚುಕ್ಕೆ ಬಂದಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುವುದನ್ನು ಕಲಿಸಿದ್ದರು. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ.

“ಅದೇನೇ, ಬೋರಿನ ಪಂಪು ಒತ್ತಿದಂಗೆ ನಿಂತ್ ನಿಂತ್ ಓದ್ತೀಯ? ಬಾಯ್ತುಂಬ ಓದು.”

ಒಳಗೆ ಹಾಲು ಉಕ್ಕುವ ವಾಸನೆ ಬಂದರೆ ಕೈ ಎತ್ತುವರು. ನಾನು ಸಾಲಿನ ಮೇಲೆ ಬೆರಳಿಟ್ಟು ಕಾಯುವೆ. ಹಾಲು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತು, “ಹೂಂ, ಆಮೇಲೆ?” ಎನ್ನುವರು.

ಎಂಬತ್ತರ ದಶಕದ ನಡುವೆ ಪಂಚಾಯ್ತಿಗೆ ಟೀವಿ ಬಂತು. ಕರೆಂಟೂ ಗಟ್ಟಿ ಬೀಗವೂ ಎರಡೂ ಇದ್ದದ್ದು ಲೈಬ್ರರಿ ಕೋಣೆಗೆ ಮಾತ್ರ. ಜನ ಕೂರಲು ಜಾಗ ಬೇಕೆಂದು ಪುಸ್ತಕದ ಬೀರುಗಳನ್ನು ಹೊರಗೆ ಹಾಕಿದರು. ಪಕ್ಕದ ಉಗ್ರಾಣದಲ್ಲಿ ಗೆದ್ದಲು. ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಮೆತ್ತನೆಯ ಮನುಷ್ಯ. ಏನು ಮಾಡಲೂ ತೋಚದೆ ನಮ್ಮ ಮನೆಯ ಮುಂದೆ ಬಂದು ನಿಂತರು.

“ನಮ್ಮ ಅಟ್ಟದ್ ಮೇಲೆ ಇಡು ಕಣಪ್ಪ,” ಎಂದರು ಅತ್ತೆ. “ಒಲೆ ಹೊಗೆ ಹೋಗೋ ಕಡೆ ಗೆದ್ಲು ಸುಳಿಯಲ್ಲ. ತೆಂಗಿನ್ಕಾಯೇ ವರ್ಷ ಪೂರ್ತಿ ಕೆಡದಂಗೆ ಇರ್ತದೆ, ಪುಸ್ತಕ ಇರಲ್ವಾ?”

ಪುಸ್ತಕಗಳು ಗೋಣಿಚೀಲದಲ್ಲಿ ಅಟ್ಟ ಹತ್ತಿದವು. ಅದಾದ ಮೇಲೆ ತಮ್ಮನ ಮದುವೆಗೆಂದು ನಾನು ತವರಿಗೆ ಹೋದೆ. ಅಷ್ಟರಲ್ಲಿ ತೋಟದ ಕಾಯಿ ಕೊಯ್ಲಾಯಿತು. ಕಾಯಿ ತುಂಬಲು ಬಂದ ಆಳುಗಳು ಚೀಲಗಳನ್ನು ನೋಡಿ, ಕಾಯಿಗೆ ಮೆತ್ತೆ ಹಾಸಿದ್ದಾರೆಂದುಕೊಂಡು ಅವುಗಳ ಮೇಲೇ ಸುರಿದುಬಿಟ್ಟಿದ್ದರು.

ನಮ್ಮ ಕಡೆ ಕಾಯಿಯನ್ನು ಸಿಪ್ಪೆಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ನಡುವೆ ಕದಲಿಸಿದರೆ ಕೊಬ್ಬರಿ ಕೆಡುತ್ತದೆಂಬುದು ಅತ್ತೆಯ ಖಂಡಿತವಾದ ಮಾತು. ಅವರ ಕಾಲದಲ್ಲಿ ಅಟ್ಟಕ್ಕೆ ಬೆಕ್ಕು ಹತ್ತಿದರೂ ಕೋಲು ಹಿಡಿಯುತ್ತಿದ್ದರು.

ನನ್ನ ಹತ್ತಿರ ಉಳಿದಿದ್ದು ಎರಡು ಭಾಗದ ಕಾದಂಬರಿಯೊಂದರ ಮೊದಲ ಭಾಗ ಮಾತ್ರ. ಅದು ಮುಗಿದದ್ದು, ಸೊಸೆ ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದಲ್ಲಿಗೆ.

“ಎಲ್ಲಿಗೋದ್ಲು?” ಅತ್ತೆ ಕೇಳಿದರು.

“ಎರಡನೇ ಭಾಗದಲ್ಲಿದೆ ಅತ್ತೆ.”

“ಎಲ್ಲೈತೆ ಅದು?”

ನಾನು ಮೇಲೆ ನೋಡಿದೆ. ಅವರೂ ನೋಡಿದರು. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ. ಹೆಂಗಸರು ಮೊದಲ ಸಲ ಆ ಕೋಣೆಯ ಹೊಸಿಲು ದಾಟಿದ್ದು ಆಗಲೇ. ಪೇಪರಿನ ಮೇಜಿದ್ದ ಕಡೆ ಚಾಪೆಗಳು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಲೈಬ್ರರಿಯವರಿಗೆ ಈಗ ಟೀವಿಯ ಗುಂಡಿ ತಿರುಗಿಸುವುದು, ಗಾಳಿಗೆ ಓಲಿದ ಆಂಟೆನಾ ನೆಟ್ಟಗೆ ಮಾಡುವುದು, ಇಷ್ಟೇ ಕೆಲಸ. ಅತ್ತೆಯೂ ಮುಂದಿನ ಸಾಲಿನಲ್ಲಿ ಕೂತು ನೋಡಿ ಬಂದರು.

“ಹೆಂಗಿತ್ತು ಅತ್ತೆ?”

“ಚೆನ್ನಾಗೇನೋ ಐತೆ. ಎದ್ದು ಎಲಡಿಕೆ ಉಗುಳಿ ಬರೋ ಹೊತ್ಗೆ ಅವಳ ಮದ್ವೇನೇ ಆಗೋಗಿತ್ತು. ನಮಗೋಸ್ಕರ ನಿಲ್ಲಲ್ಲ ಕಣೇ ಅದು.”

ಒಂದು ದಿನ ಲೈಬ್ರರಿಯವರು ಮತ್ತೆ ಬಂದರು. ಕೂರಲಿಲ್ಲ. “ಮುಂದಿನ ತಿಂಗ್ಳು ಮೇಲಿನೋರು ನೋಡಕ್ ಬತ್ತಾರಂತೆ ಅಮ್ಮಾವ್ರೇ. ಪುಸ್ತಕ ಇಲ್ಲ, ಓದೋರೂ ಇಲ್ಲ ಅಂದ್ರೆ ಲೈಬ್ರರೀನ ಬೇರೆ ಊರಿಗೆ ಎತ್ಕೊಂಡು ಹೋಗ್ತಾರೆ.”

ನಾನು ಅತ್ತೆಯ ಕಡೆ ನೋಡಿದೆ. ಅಟ್ಟ ನನ್ನದಲ್ಲ. ಅತ್ತೆ ಹುಣಸೆಬೀಜಗಳನ್ನೆಲ್ಲ ಒಂದು ಕಡೆ ಸರಿಸಿದರು. ಆಮೇಲೆ ಮಗನನ್ನು ಕೂಗಿದರು.

“ಕಾಯಿ ಕೆಳಗಿಳ್ಸಿ, ಪುಸ್ತಕ ತೆಗ್ಸು.”

ಯಜಮಾನರು ಬೆಚ್ಚಿದರು. “ನೀರೇ ಇಂಗಿಲ್ಲ ಕಣವ್ವಾ. ಕೆಟ್ರೆ?”

“ಕೆಟ್ರೆ ಕೆಡ್ಲಿ ಬುಡು. ಗಾಣಕ್ ಹಾಕ್ಸಣ.” ಆಮೇಲೆ ಲೈಬ್ರರಿಯವರ ಕಡೆ ತಿರುಗಿದರು. “ಒಂದ್ ಮಾತು ಕಣಪ್ಪ. ಟೀವಿ ಪಕ್ಕದಾಗೇ ಬೀರು ಇಡ್ಸು. ಪಿಚ್ಚರ್ ಹಾಕಕ್ ಮುಂಚೆ ಬೀಗ ತೆಗಿ. ಹೆಂಗಸ್ರು ಅಲ್ಲೇ ಇರ್ತಾರೆ, ಅವರ ಕೈಗೇ ಕೊಡು. ಸೈಕಲ್ ಮೇಲೆ ಕಳಿಸ್ಬೇಡ.”

“ಜಾಗ ಸಾಲಲ್ಲ ಅಂತಾರೆ ಅಮ್ಮಾವ್ರೇ.”

“ಗಂಡಸ್ರು ಬಾಗ್ಲಾಗೆ ನಿಂತ್ಕಂಡು ನೋಡ್ಲಿ. ಕಾಲಿಗೇನಾಗೈತೆ?”

ಆಳುಗಳು ಇಡೀ ದಿನ ಗೊಣಗುತ್ತ ಕಾಯಿ ಇಳಿಸಿ, ಚೀಲ ಎಳೆದು, ಮತ್ತೆ ಕಾಯಿ ಹತ್ತಿಸಿದರು. ಎರಡನೆಯ ಭಾಗದ ಮೇಲೆ ಯಾವುದೋ ಬಿರಿದ ಕಾಯಿಯ ನೀರು ಸೋರಿ, ಕೆಲವು ಹಾಳೆಗಳು ಅಂಟಿಕೊಂಡಿದ್ದವು. ಅನ್ನದ ಪಾತ್ರೆಯ ಹಬೆಗೆ ಹಿಡಿದು, ಕೊಬ್ಬರಿ ಬಿಡಿಸುವ ಚಾಕುವಿನ ತುದಿಯಿಂದ ಒಂದೊಂದಾಗಿ ಬಿಡಿಸಿದೆವು.

ಭಾನುವಾರಗಳಂದು ಬೀರು ತೆರೆದುಕೊಂಡಿತು. ಓದು ಬಾರದವರು ಶಾಲೆಗೆ ಹೋಗುವ ಹೆಣ್ಣುಮಕ್ಕಳಿಂದ ಓದಿಸಿಕೊಳ್ಳಲು ಒಯ್ದರು. ಯಾವ ಪುಸ್ತಕ ಮೂಸಿದರೂ ನಮ್ಮ ಅಡುಗೆಮನೆಯ ಹೊಗೆ. ನನಗೂ ನನ್ನದೇ ಹೆಸರಿನ ಕಾರ್ಡಾಯಿತು. ಮೇಲಿನವರು ಬಂದ ದಿನ ಬೀರು ಮುಕ್ಕಾಲು ಖಾಲಿ. ಪುಸ್ತಕವೆಲ್ಲಿ ಎಂದು ಕೇಳಿದರಂತೆ. ಮನೆಗಳಲ್ಲಿವೆ ಸಾರ್ ಎಂದರಂತೆ ಲೈಬ್ರರಿಯವರು. ಲೈಬ್ರರಿ ಊರಲ್ಲೇ ಉಳಿಯಿತು.

ಮರುವರ್ಷ ಕೊಬ್ಬರಿ ಸುಲಿಯುವ ಕಾಲಕ್ಕೆ ಆ ಕಾಯಿಗಳು ಕೆಳಗಿಳಿದವು. ಅತ್ತೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ ಎಂದವು ಬಲಕ್ಕೆ, ಸದ್ದು ಮಾಡದವು, ಗಾಣಕ್ಕೆ ಹೋಗಬೇಕಾದವು, ಎಡಕ್ಕೆ. ಎಡಗಡೆಯ ಗುಡ್ಡೆ ಬೆಳೆಯುತ್ತಲೇ ಹೋಯಿತು. ಯಜಮಾನರು ಅದನ್ನೇ ನೋಡುತ್ತ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಆ ವಾರ ತಂದಿದ್ದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಓದಲೋ ಬೇಡವೋ ಗೊತ್ತಾಗಲಿಲ್ಲ.

ಅತ್ತೆ ಇನ್ನೊಂದು ಕಾಯಿ ಅಲ್ಲಾಡಿಸಿ, ಎಡಕ್ಕಿಟ್ಟು, ನನ್ನ ಕಡೆ ನೋಡಿದರು.

“ಹೂಂ, ಆಮೇಲೆ?”