ಮಾವ ಸುತ್ತಿದ ಟೇಪು

ಕಾರಿನ ವೈರಿಂಗ್ ಕೆಲಸ ಮಾಡುವ ಅವಳನ್ನು ಬೀದಿಯವರೆಲ್ಲ ಮೀಟರಕ್ಕ ಎನ್ನುತ್ತಿದ್ದರು. ಕರೆಂಟು ಅಳೆಯುವ ಮೀಟರ್ ಹಿಡಿದು ನೋಡದೆ ಒಂದು ಬಲ್ಬನ್ನೂ ಬದಲಿಸಿದವಳಲ್ಲ. ಆ ಶಿಸ್ತು ಕಲಿಸಿದವನು ಸೋದರಮಾವ; ಪಕ್ಕದ ಬೀದಿಯಲ್ಲೇ ಅವನ ಗ್ಯಾರೇಜು. "ಅಳೆಯದೆ ಬಿಚ್ಚಿದ್ರೆ ಕೈ ಮುರೀತೀನಿ" ಎಂದು ಗದರಿಸಿ ಗದರಿಸಿಯೇ ಕಲಿಸಿದ್ದ.

ಒಂದು ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ನರ್ಸಮ್ಮ ಮೀಟರಕ್ಕನ ಅಂಗಡಿಗೆ ಕಾರು ತಂದು ನಿಲ್ಲಿಸಿ, ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದಳು.

"ಏರು ಬಂದ್ರೆ ಸಾಕು, ಸ್ಟೀರಿಂಗ್ ಮುಂದಿನ ಎಚ್ಚರಿಕೆ ದೀಪ ಹತ್ತಿ ಎಂಜಿನ್ ಸುಸ್ತಾಗಿಬಿಡತ್ತೆ. ಎಂಜಿನ್ನಿಗೆ ಗಾಳಿ ತಳ್ಳೋ ಟರ್ಬೊದ ಪ್ರೆಷರ್ ನೋಡೋ ಸೆನ್ಸರ್ ಹೋಗಿದೆ ಅಂತ ನಿಮ್ಮ ಮಾವ ಮೂರು ಸಲ ಹೊಸದು ಹಾಕಿದ್ರು. ಮೊನ್ನೆ ನೋವು ಶುರುವಾದ ಹೆಂಗಸನ್ನ ಕರ್ಕೊಂಡು ಬರ್ತಿದ್ದೆ. ಅರ್ಧ ಏರಲ್ಲಿ ಕಾರು ತೆವಳೋಕೆ ಶುರುಮಾಡ್ತು. ಹಿಂದಿನ ಸೀಟಲ್ಲೇ ಹೆರಿಗೆ ಮಾಡಿಸ್ದೆ."

"ಮಗು?"

"ಗಟ್ಟಿಯಾಗಿದೆ. ಆ ಏರಿನ ಹತ್ರ ಹೋಗೋಕೇ ನಂಗಿನ್ನೂ ಭಯ."

ಮೀಟರಕ್ಕ ಸೆನ್ಸರಿನ ಪ್ಲಗ್ ಕಿತ್ತು, ಕೀ ತಿರುಗಿಸಿ, ಮೀಟರ್ ಹಿಡಿದಳು. ಒಂದು ಕಡ್ಡಿ ಕಾರಿನ ಮೈಗೆ, ಇನ್ನೊಂದು ಕರೆಂಟು ಬರುವ ವೈರಿಗೆ: ಐದು ವೋಲ್ಟ್, ಸರಿಯಾಗಿಯೇ ಇತ್ತು. ಮೈಗೆ ಹಿಡಿದಿದ್ದ ಕಡ್ಡಿಯನ್ನು ಪ್ಲಗ್ಗಿನ ಅರ್ಥ್ ವೈರಿಗೆ, ಅಂದರೆ ಕರೆಂಟು ವಾಪಸು ಹೋಗುವ ವೈರಿಗೆ, ಹಿಡಿದಾಗ ಎರಡಕ್ಕಿಳಿಯಿತು. ವೈರು ಅಲ್ಲಾಡಿಸಿದರೆ ಅಂಕಿ ಕುಣಿಯಿತು. ಪಾಪ, ಸೆನ್ಸರಿನದೇನೂ ತಪ್ಪಿರಲಿಲ್ಲ; ಕೆಟ್ಟಿದ್ದು ಆ ಅರ್ಥ್ ವೈರು.

ವೈರಿನ ಜಾಡು ಹಿಡಿದು ಹೋದರೆ, ಬ್ಯಾಟರಿಯ ಅಡಿಯಲ್ಲಿ ಟೇಪಿನ ಗಂಟೊಂದು. ಬಿಚ್ಚಿದಾಗ ಕರಿ ಅಂಟು ಬೆರಳಿಗೆ ಮೆತ್ತಿತು. ಒಳಗೆ ಇಲಿ ಕಡಿದ ವೈರು. ಬೆಸುಗೆಯಿಲ್ಲದೆ ಸುಮ್ಮನೆ ಹೊಸೆದಿದ್ದರು. ತಾಮ್ರ ಹಸಿರು ಪುಡಿಯಾಗಿತ್ತು. ಇಲಿ ಉಚ್ಚೆಯ ನಾತಕ್ಕೆ ಮೂಗು ಮುಚ್ಚಿಕೊಂಡಳು. ಆಗ ಟೇಪಿನ ತುದಿ ಕಂಡಿತು. ಅದನ್ನು ಮಡಚಿ ಪುಟ್ಟ ಬಾಲದಂತೆ ಬಿಟ್ಟಿದ್ದರು. ಹಾಗೆ ಬಿಡುವವನು ಊರಲ್ಲಿ ಒಬ್ಬನೇ. ಅಂದರೆ ಮಾವ ಈ ವೈರು ನೋಡಿದ್ದ. ನೋಡಿಯೂ ಸೆನ್ಸರ್ ಮೇಲೆ ಸೆನ್ಸರ್ ಹಾಕಿದ್ದ.

ಆ ಗಂಟನ್ನು ಕತ್ತರಿಸಿಕೊಂಡು ನೇರ ಅವನ ಗ್ಯಾರೇಜಿಗೆ ಹೋದಳು. ಮಾವ ಟೀ ಲೋಟ ಕೈಗಿತ್ತು ನಕ್ಕ.

"ವೈರು ಹುಡುಕ್ತಾ ಕೂತ್ರೆ ದಿನ ಹೋಗತ್ತೆ ಮಗಳೇ. ಹೊಸ ಸೆನ್ಸರ್ ಡಬ್ಬಿ ತೋರಿಸಿದ್ರೆ ಗಿರಾಕಿಗೂ ಸಮಾಧಾನ. ಕೆಟ್ರೆ ಮತ್ತೆ ಬರ್ತಾರೆ."

"ಹೆಂಗಸೊಬ್ಬಳು ನಡುರಸ್ತೇಲಿ ಹೆತ್ತಳು, ಮಾವ."

"ಸತ್ತಿಲ್ವಲ್ಲ!"

ಅವಳು ಲೋಟ ಕೆಳಗಿಟ್ಟಳು. ಬಾಯಲ್ಲಿದ್ದ ಟೀಯನ್ನು ಹೊರಗೆ ಬಂದು ಉಗಿದಳು. ಒಳಗೆ ಹೋಗಿ ಲೋಟದ ಪಕ್ಕ ಆ ಗಂಟನ್ನಿಟ್ಟಳು.

"ನಿಮ್ಮ ಹತ್ರ ಕಲ್ತೆ ಅಂತ ಹೇಳ್ಕೊಳ್ಳೋಕೂ ಅಸಹ್ಯ ಆಗತ್ತೆ."

ಮಾವನ ನಗು ಅಲ್ಲೇ ನಿಂತಿತು.

ಹೊಸ ವೈರು ಬೆಸೆದು, ನರ್ಸಮ್ಮನ ಜೊತೆ ಅದೇ ಏರಿಗೆ ಹೋದಳು. ಕಾರು ಒಂದೇ ಉಸಿರಿಗೆ ಹತ್ತಿತು. ಏರಿನ ತುದಿಯಲ್ಲಿ ನಿಲ್ಲಿಸಿ ನರ್ಸಮ್ಮ ಸ್ಟೀರಿಂಗಿಗೆ ಹಣೆ ಆನಿಸಿ ಅತ್ತಳು.

ಸಂಜೆ ಅಮ್ಮನ ಫೋನು. "ನನ್ನ ತಮ್ಮನಿಗೆ ಹಾಗಂದ್ಯಂತೆ? ಹೋಗಿ ತಪ್ಪಾಯ್ತು ಅನ್ನು."

"ಅನ್ನಲ್ಲಮ್ಮ."

ಅವಳು ಮತ್ತೆ ಮಾವನ ಬೀದಿ ತುಳಿಯಲಿಲ್ಲ. ನರ್ಸಮ್ಮನ ಬಾಯಿಂದ ಸುದ್ದಿ ಹರಡಿ, ಮಾವನ ಗಿರಾಕಿಗಳು ಒಬ್ಬೊಬ್ಬರಾಗಿ ಇವಳ ಬಳಿ ಬರತೊಡಗಿದರು. ಪ್ರತಿ ಕಾರಿನಲ್ಲೂ ಟೇಪು ಸುತ್ತಿ ಮುಚ್ಚಿದ ಅಂಥದೇ ಒಂದು ಹೊಲಸು ಸಿಗುತ್ತಿತ್ತು.