ನರಸಾಪುರದಲ್ಲಿ ಹಾದಿ ಬಿಟ್ಟ ಬಸ್ಸು

1979ರಲ್ಲಿ ನಾನು ಕೋಲಾರ ಭಾಗದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದೆ. ಆಗ ಟಿಕೆಟ್ ಯಂತ್ರಗಳಿರಲಿಲ್ಲ. ಅಚ್ಚು ಹಾಕಿದ ಚೀಟಿಗಳ ಕಟ್ಟು, ತೂತು ಹೊಡೆಯುವ ಪಂಚ್, ಅಷ್ಟೇ. ಚೀಟಿಯ ಮೇಲೆ ತಾರೀಖು ಇರುತ್ತಿರಲಿಲ್ಲ, ಕ್ರಮಸಂಖ್ಯೆ ಮಾತ್ರ. ಒಂದೊಂದು ಸ್ಟೇಜ್, ಅಂದರೆ ದರ ಬದಲಾಗುವ ನಿಲ್ದಾಣ, ದಾಟಿದಾಗಲೂ ಕಂಡಕ್ಟರ್ ಆ ಸಂಖ್ಯೆಯನ್ನು ವೇಬಿಲ್ ಎಂಬ ಹಾಳೆಯಲ್ಲಿ ಬರೆಯಬೇಕಿತ್ತು. ಆ ಹಾಳೆ ನೋಡಿಯೇ ನಾವು ಕಳ್ಳಾಟ ಹಿಡಿಯುತ್ತಿದ್ದೆವು.

ಒಂದು ಬೆಳಿಗ್ಗೆ ಮಾಲೂರಿನಿಂದ ಕೋಲಾರಕ್ಕೆ ಹೊರಟಿದ್ದ ಬಸ್ಸನ್ನು ನರಸಾಪುರದಲ್ಲಿ ತಪಾಸಣೆಗೆ ಹಿಡಿದೆ. ಅಲ್ಲಿ ಬಸ್ಸಿನಿಂದ ಇಳಿದ ಮುದುಕಿಯೊಬ್ಬರು ತೋರಿಸಿದ ಚೀಟಿಯ ಸಂಖ್ಯೆ ಅಂದಿನ ವೇಬಿಲ್‌ನಲ್ಲೇ ಇರಲಿಲ್ಲ. ಹಳೇ ಚೀಟಿ! ದುಡ್ಡು ತೆಗೆದುಕೊಂಡು ಬಳಸಿದ ಚೀಟಿಯನ್ನೇ ಮತ್ತೆ ಕೊಟ್ಟರೆ ಕಂಡಕ್ಟರನ ಕೆಲಸವೇ ಹೋಗುತ್ತದೆ. ಚೀಟಿ ಇಟ್ಟುಕೊಂಡು ಆಕೆಯನ್ನು ಕಳಿಸಿದೆ. ಕಂಡಕ್ಟರನ ತಪ್ಪು ಬರೆದು ವರದಿ ಮಾಡುವ ಮೆಮೊ ಪುಸ್ತಕ ತೆರೆದೆ.

ಕಂಡಕ್ಟರ್ ಮುನಿರಾಜು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ.

“ಹೊಸ ಚೀಟಿನೇ ಕೊಟ್ಟಿದ್ದೀನಿ ಸಾರ್! ಆಯಮ್ಮ ಎಲೆಅಡಿಕೆ ಸಂಚಿಗೆ ಹಾಕ್ಕೊಂಡ್ಲು. ಸಂಚಿ ನೋಡಿ ಸಾರ್!”

ತಿರುಗಿ ನೋಡಿದರೆ ಆಕೆ ಹಾಲಿನ ಲಾರಿ ಹತ್ತಿ ಹೊರಟೇ ಬಿಟ್ಟಿದ್ದರು. ಲಾರಿ ಮಣ್ಣು ರಸ್ತೆಗೆ ಇಳಿಯಿತು. ಆಕೆಯ ಹೆಸರು, ಊರು ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ. ಬಸ್ಸು ತನ್ನ ಮಾರ್ಗ ಬಿಡುವಂತಿಲ್ಲ. ಆ ನಿಯಮ ಕಾಯಬೇಕಾದವನೇ ನಾನು. ಡ್ರೈವರ್ ನನ್ನ ಮುಖ ನೋಡಿದ.

“ಬಿಡಪ್ಪಾ ಲಾರಿ ಹಿಂದೆ!” ಎಂದೆ.

ಹಾರನ್ ಬಾರಿಸುತ್ತ, ಧೂಳೆಬ್ಬಿಸುತ್ತ ಬಸ್ಸು ಓಡಿತು. ಕಿಟಕಿಗಳಿಂದ ಟವೆಲ್ ಬೀಸಿ ಜನ “ನಿಲ್ಸೋ ಲೇ, ನಿಲ್ಸೋ!” ಎಂದು ಕೂಗಿದರು. ಫುಟ್‌ಬೋರ್ಡಿನ ಮೇಲೆ ನಿಂತು ನಾನೂ ಕೂಗಿದೆ. ಕೊನೆಗೆ ಕೆರೆ ಏರಿಯ ಮೇಲೆ ಲಾರಿ ನಿಂತಿತು.

“ಅಯ್ಯೋ ದೇವುಡಾ, ಒಂದು ಚೀಟಿಗೆ ಇಷ್ಟು ಜನಾನಾ?” ಎಂದು ಆಕೆ ಬೆರಗಾದರು. “ಸರ್ಕಾರದ ಕಾಗದ ಅಂತ ಒಂದೂ ಬಿಸಾಕಿಲ್ಲಪ್ಪಾ. ನಿಂಗೆ ಯಾವುದು ಬೇಕೋ ತಗೋ.”

ಸಂಚಿ ಸುರಿದರು. ಇಪ್ಪತ್ತಕ್ಕೂ ಹೆಚ್ಚು ಚೀಟಿಗಳು! ಒಂದೊಂದನ್ನೇ ವೇಬಿಲ್ ಪಕ್ಕ ಹಿಡಿದೆ. ಸುಣ್ಣ ಮೆತ್ತಿದ ಒಂದು ಚೀಟಿ, ಆ ಬೆಳಿಗ್ಗೆ ಮಾಲೂರಿನಲ್ಲಿ ಹರಿದುಕೊಟ್ಟ ಚೀಟಿಗಳ ಸಾಲಿನಲ್ಲಿ ಸರಿಯಾಗಿ ಕೂತಿತು.

“ಸಿಕ್ತು!” ಎಂದು ಕಿರುಚಿದವನು ನಾನೇ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಮುನಿರಾಜು ಏರಿಯ ಮೇಲೆ ಕುಕ್ಕರಿಸಿ ಕುಳಿತು ಅತ್ತುಬಿಟ್ಟ.

ಮಾರ್ಗ ಬಿಟ್ಟದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಬಂತು. ತಪ್ಪೊಪ್ಪಿ ಸಹಿ ಹಾಕಿದೆ. ಆಮೇಲೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ವರ್ಷ ತಪಾಸಣೆ ನಡೆಸಿದೆ. ಸಂಖ್ಯೆ ತಾಳೆಯಾಗದಾಗ ಪ್ರಯಾಣಿಕರಿಗೆ, “ಇನ್ನೊಂದ್ಸಲ ಹುಡುಕಿ, ನಾನು ಕಾಯ್ತೀನಿ” ಎನ್ನುತ್ತಿದ್ದೆ. ಕಾದಾಗಲೆಲ್ಲ ಚೀಟಿ ಸಿಗುತ್ತಿತ್ತು ಎಂದಲ್ಲ. ಆದರೆ ಕಾಯದೆ ಬರೆದ ಮೆಮೊ ಆಮೇಲೆ ಒಂದೂ ಇಲ್ಲ.